ಮಾರುವ ಮನೆಯನ್ನು ತೋರಿಸುವ ಮೊದಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಇದ್ದ ಮನೆಯನ್ನು ಮಾರುವ ಕಷ್ಟ ಅವರಿಗೆ ಬಂದಂತಿಲ್ಲ; ಬಂದಿದ್ದರೆ ಅದನ್ನೂ ಸೇರಿಸುತ್ತಿದ್ದರು. ದಿವಾದಲ್ಲಿರುವ ನಮಗೆ ಈ ಕಷ್ಟ ಹೊಸದಲ್ಲ. ಮಕ್ಕಳು ದೊಡ್ಡವರಾಗಿ ಒಂದು ಕೋಣೆಯ ಮನೆ ಸಾಲದಾದಾಗ, ಕೆಲಸದಿಂದ ನಿವೃತ್ತರಾಗಿ ಊರಿಗೆ ಮರಳಬೇಕೆನಿಸಿದಾಗ, ಮಗಳ ಮದುವೆಗೆ ಹಣ ಬೇಕಾದಾಗ, ಇರುವ ಫ್ಲಾಟನ್ನು ಮಾರಬೇಕಾಗುತ್ತದೆ. ಆಗ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಕೇಳುವ ಪ್ರಶ್ನೆ ಒಂದೇ: ನೋಡಲು ಬಂದವರಿಗೆ ಮನೆ ಮೆಚ್ಚುಗೆಯಾಗಲು ಏನು ಮಾಡಬೇಕು? ಅದಕ್ಕೆ ಉತ್ತರವಾಗಿ ನಮಗೆ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲು, ಬರುವವರು ಯಾರೆಂಬುದನ್ನು ಯೋಚಿಸಬೇಕು. ಠಾಣೆಯಲ್ಲಿ, ಡೊಂಬಿವಲಿಯಲ್ಲಿ ಬೆಲೆ ಕೇಳಿ ಹಿಂದಿರುಗಿದವರು ದಿವಾಕ್ಕೆ ಬರುತ್ತಾರೆ. ಇದು ಜಂಕ್ಷನ್, ಪನವೇಲಿಗೂ ವಸಯಿಗೂ ಇಲ್ಲಿಂದಲೇ ರೈಲು ಮಾರ್ಗ ಒಡೆಯುತ್ತದೆ. 2016ರ ಡಿಸೆಂಬರಿನಿಂದ ಫಾಸ್ಟ್ ಲೋಕಲ್‌ಗಳೂ ಇಲ್ಲಿ ನಿಲ್ಲತೊಡಗಿವೆ. ಹೀಗಾಗಿ ನೌಕರಿಯವರಿಗೆ ಅನುಕೂಲ. ಅವರು ಭಾನುವಾರ ಬರುತ್ತಾರೆ. ಗಂಡ, ಹೆಂಡತಿ, ಜೊತೆಗೆ ಒಬ್ಬ ಹಿರಿಯರು. ಮನೆಯಲ್ಲಿ ನಿಲ್ಲುವುದು ಹದಿನೈದು ನಿಮಿಷ. ಆದರೆ ಕೈಯಲ್ಲಿ ಹಿಡಿದು ಬರುವುದು ಹತ್ತಾರು ವರ್ಷಗಳ ಉಳಿತಾಯ. ನಾವು ಮೊದಲು ಈ ಮನೆಗೆ ಬಂದಾಗ ಹೇಗೆ ಬಂದಿದ್ದೆವೋ ಅವರೂ ಹಾಗೆಯೇ ಬರುತ್ತಾರೆ ಎಂಬುದನ್ನು ಮರೆಯಬಾರದು.

ಖರ್ಚಿಲ್ಲದೆ ಆಗುವ ಕೆಲಸ ಮನೆಯನ್ನು ಬರಿದುಮಾಡುವುದು. ಚಿಕ್ಕ ಮನೆಯಲ್ಲಿ ಸಾಮಾನು ಹೆಚ್ಚಿದಷ್ಟೂ ಗೋಡೆ ಹತ್ತಿರವಾಗುತ್ತದೆ. ಮಂಚದ ಕೆಳಗಿನ ಟ್ರಂಕು, ಬಾಲ್ಕನಿಯಲ್ಲಿ ಇಟ್ಟ ಮುರಿದ ಕುರ್ಚಿ, ಬಾಗಿಲ ಹಿಂದೆ ನೇತಾಡುವ ಹತ್ತು ಚೀಲಗಳು, ಇವನ್ನೆಲ್ಲ ತೆಗೆದರೆ ಅದೇ ಕೋಣೆ ದೊಡ್ಡದಾಗಿ ಕಾಣುತ್ತದೆ. ಕಿಟಕಿಯ ಗಾಜನ್ನೂ ಜಾಳಿಗೆಯನ್ನೂ ತೊಳೆಯಬೇಕು. ವರ್ಷಗಳ ಧೂಳು ಹೋದರೆ ಬರುವ ಬೆಳಕು ಹೊಸ ದೀಪದ ಬೆಳಕಿಗಿಂತ ಮೇಲು. ಸೋರುವ ನಲ್ಲಿಗೆ ವಾಶರು, ಕಿರುಗುಟ್ಟುವ ಬಾಗಿಲಿಗೆ ಎರಡು ಹನಿ ಎಣ್ಣೆ, ಹೊತ್ತದ ಬಲ್ಬಿಗೆ ಬದಲು ಬಲ್ಬು, ಇಷ್ಟಕ್ಕೆ ಒಂದು ದಿನದ ಕೂಲಿಯೂ ಬೇಡ. ಅಡುಗೆಯ ಕಟ್ಟೆಯ ಜಿಡ್ಡನ್ನು ಮಾತ್ರ ಅಲಕ್ಷಿಸಬಾರದು. ಮನೆ ನೋಡಲು ಬಂದ ಹೆಂಗಸರು ಮೊದಲು ನೋಡುವುದು ಅದನ್ನೇ.

ವಾಸನೆಯ ವಿಷಯವಾಗಿ ಒಂದು ಮಾತು. ಊದಿನಕಡ್ಡಿ ಹಚ್ಚಿ ವಾಸನೆಯನ್ನು ಮುಚ್ಚಲು ನೋಡುವವರಿದ್ದಾರೆ. ಬಂದವರಿಗೆ ಇದರಿಂದ ಸಂಶಯವೇ ಹೆಚ್ಚುತ್ತದೆ. ಬೀಗ ಹಾಕಿಟ್ಟ ಮನೆಗಳಲ್ಲಿ ದುರ್ಗಂಧ ಬರುವುದಕ್ಕೆ ಸಾಮಾನ್ಯವಾಗಿ ಕಾರಣ ಬಚ್ಚಲಿನ ಮೋರಿ. ಮೋರಿಯ ಬಾಯಿಯ ಕೆಳಗೆ ಬಾಗಿದ ಭಾಗದಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಒಳಗಿನ ಕೊಳಕು ಗಾಳಿಯನ್ನೂ ಜಿರಲೆಗಳನ್ನೂ ಮೇಲೆ ಬರದಂತೆ ತಡೆಯುವುದು ಆ ನೀರೇ. ಕೆಲವು ವಾರ ಯಾರೂ ನೀರು ಸುರಿಯದಿದ್ದರೆ ಅದು ಆರಿಹೋಗುತ್ತದೆ. ಆದುದರಿಂದ ಖಾಲಿ ಮನೆಯನ್ನು ತೋರಿಸುವ ಹಿಂದಿನ ದಿನ ಪ್ರತಿಯೊಂದು ಮೋರಿಗೂ ಒಂದೊಂದು ಬಕೆಟ್ಟು ನೀರು ಹಾಕಿ, ಕಿಟಕಿಗಳನ್ನು ತೆರೆದಿಟ್ಟರೆ ಸಾಕು.

ಇನ್ನು ಮುಖ್ಯವಾದ ಸಂಗತಿ, ಗೋಡೆಯ ತೇವ. ಖಾಡಿಯ ಪಕ್ಕದ ತಗ್ಗು ನೆಲ, ನಾಲ್ಕು ತಿಂಗಳ ಮಳೆ; ದಿವಾದಲ್ಲಿ ತೇವ ಕಾಣದ ಮನೆ ಕಡಿಮೆ. ತೇವ ಎಲ್ಲಿಂದ ಬರುತ್ತದೆಂದು ತಿಳಿಯುವುದು ಕಷ್ಟವಲ್ಲ. ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಂಡರೆ ಹೊರಗೋಡೆಯ ಬಿರುಕು ಇಲ್ಲವೆ ತಾರಸಿ ಕಾರಣ. ಹನ್ನೆರಡು ತಿಂಗಳೂ ಇದ್ದರೆ ನೀರಿನ ಕೊಳವೆ ಅಥವಾ ಮೇಲಿನ ಮನೆಯ ಬಚ್ಚಲು ಕಾರಣ. ಸಂಶಯವಿದ್ದರೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿದೆ. ಹೊರಮೈಯಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯದು. ಗೋಡೆಯ ಮೇಲೆ ಏಳುವ ಬಿಳಿಯ ಪುಡಿ ನೀರು ತಂದು ಬಿಟ್ಟುಹೋದ ಉಪ್ಪು. ಅದನ್ನು ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ತೊಳೆದರೆ ಮತ್ತೆ ಒಳಗೆ ಇಳಿಯುತ್ತದೆ. ಮೊದಲು ಸೋರುವ ಸ್ಥಳವನ್ನು ಮುಚ್ಚಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿಸತಕ್ಕದ್ದು. ತಾರಸಿ ಮತ್ತು ಹೊರಗೋಡೆಯ ದುರಸ್ತಿ ಸೊಸೈಟಿಯ ಹೊಣೆ. ಅದಕ್ಕೆ ಬರೆದು ಅರ್ಜಿ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಬೇಕು.

ಇದನ್ನು ಬಿಟ್ಟು, ಮೇ ತಿಂಗಳಲ್ಲಿ ಒದ್ದೆಯ ಗೋಡೆಗೆ ದಪ್ಪನಾದ ಬಣ್ಣ ಬಳಿಸಿ, ಜೂನಿನೊಳಗೆ ಮಾರಿ ಕೈತೊಳೆದುಕೊಳ್ಳುವುದು ಜಾಣತನವೆಂದು ಕೆಲವರು ಭಾವಿಸಿದ್ದಾರೆ. ಹಾಗೆ ಕೊಂಡ ಮನೆಯೊಂದಕ್ಕೆ ನಾವು ಒಮ್ಮೆ ಹೋಗಿದ್ದೆವು. ಆಗಸ್ಟಿನಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬೀಳುತ್ತಿತ್ತು. ಮನೆಯಾಕೆ ಮಗುವಿನ ಹಾಸಿಗೆಯನ್ನು ಅಡುಗೆಮನೆಗೆ ಸರಿಸಿದ್ದರು. ಮಾರಿದವರು ನಮಗೆ ಪರಿಚಿತರೇ ಆಗಿದ್ದರಿಂದ ಆ ಮನೆಯಲ್ಲಿ ಕುಳಿತು ಚಹ ಕುಡಿಯುವುದೂ ನಮಗೆ ಕಷ್ಟವಾಯಿತು. ಇದು ಬರೇ ನಾಚಿಕೆಯ ವಿಷಯವಲ್ಲ, ಕಾನೂನಿನದೂ ಹೌದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲಾರದ ಮುಖ್ಯ ದೋಷವನ್ನು ಮಾರುವವನೇ ತಿಳಿಸತಕ್ಕದ್ದು. ತಿಳಿಸದಿರುವುದನ್ನು ಆ ಕಲಮು ವಂಚನೆಯೆಂದೇ ಎಣಿಸುತ್ತದೆ.

ಬಂದವರು ನೀರಿನ ವಿಷಯ ಕೇಳಿಯೇ ಕೇಳುತ್ತಾರೆ. ನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಬೇಕು. ನೆಲಮಹಡಿಯಾದರೆ ಮಳೆನೀರು ಎಲ್ಲಿಯವರೆಗೆ ಏರಿತ್ತೆಂದೂ ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಈ ಭಾಗದ ಜನ ಮರೆತಿಲ್ಲ. ನಾವು ಹೇಳದಿದ್ದರೆ ಕೆಳಗಿನ ಕಿರಾಣಿ ಅಂಗಡಿಯವನು ಹೇಳುತ್ತಾನೆ. ಆಗ ನಮ್ಮ ಉಳಿದ ಮಾತುಗಳಿಗೂ ಬೆಲೆ ಇರುವುದಿಲ್ಲ.

ಮನೆಯಷ್ಟೇ ಕಾಗದಪತ್ರಗಳನ್ನೂ ಸಿದ್ಧಪಡಿಸಬೇಕು. ಮೂಲ ಕರಾರುಪತ್ರ, ನೋಂದಣಿ ರಸೀತಿ, ಇಂಡೆಕ್ಸ್ ಟೂ, ಸೊಸೈಟಿಯ ಶೇರು ಪತ್ರ, ಬಾಕಿಯಿಲ್ಲವೆಂಬ ಪತ್ರ, ಮನೆತೆರಿಗೆ ಮತ್ತು ವಿದ್ಯುತ್ತಿನ ಬಿಲ್ಲುಗಳು, ಕಟ್ಟಡದ ಪರವಾನಗಿ, ವಾಸಕ್ಕೆ ಯೋಗ್ಯವೆಂದು ಮಹಾನಗರಪಾಲಿಕೆ ಕೊಡುವ ಓ.ಸಿ., ಇವುಗಳ ಪ್ರತಿಗಳನ್ನು ಒಂದೇ ಕಡತದಲ್ಲಿ ಕ್ರಮವಾಗಿ ಇಟ್ಟಿರಬೇಕು. ಸಾಲವಿದ್ದರೆ ಬ್ಯಾಂಕಿನಿಂದ ಬಾಕಿಯ ಪತ್ರವನ್ನೂ ತರಿಸಿಡಬೇಕು. ಸೊಸೈಟಿಗೆ ಕೊಡುವ ವರ್ಗಾವಣೆಯ ಪ್ರೀಮಿಯಂ ಮಹಾನಗರಪಾಲಿಕೆಗಳ ಪ್ರದೇಶದಲ್ಲಿ 25,000 ರೂಪಾಯಿ ಮೀರಬಾರದೆಂದು ಮಹಾರಾಷ್ಟ್ರ ಸರ್ಕಾರದ 2001ರ ಆಗಸ್ಟ್ 9ರ ಸುತ್ತೋಲೆ ಹೇಳುತ್ತದೆ. ಅದನ್ನು ಯಾರು ಕೊಡುವುದೆಂದು ಮೊದಲೇ ಮಾತಾಡಿಕೊಂಡರೆ ಕೊನೆಯಲ್ಲಿ ಮನಸ್ತಾಪವಿಲ್ಲ. ಅಳತೆಯನ್ನು ಹೇಳುವಾಗ ಕಾರ್ಪೆಟ್ ವಿಸ್ತೀರ್ಣವನ್ನೇ, ಟೇಪು ಹಿಡಿದು ಅಳೆದು ಹೇಳುವುದು ಒಳ್ಳೆಯದು.

ಓ.ಸಿ. ಇಲ್ಲದವರು ಏನು ಮಾಡಬೇಕು? ದಿವಾದಲ್ಲಿ ಅಂಥ ಮನೆಗಳು ಬಹಳವೆಂಬುದು ಎಲ್ಲರಿಗೂ ಗೊತ್ತು. ನಮ್ಮ ಪಕ್ಕದ ಶೀಲ್ ಫಾಟಾದಲ್ಲಿ 2013ರ ಏಪ್ರಿಲ್ 4ರಂದು ಅನಧಿಕೃತ ಕಟ್ಟಡವೊಂದು ಕುಸಿದು 74 ಜನ ಸತ್ತರು. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಲ್ಯಾಣ-ಡೊಂಬಿವಲಿಯಲ್ಲಿ ಸುಳ್ಳು ಪರವಾನಗಿ ತೋರಿಸಿ ರೇರಾ ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಆದೇಶಿಸಿತು. ಆ ಫ್ಲಾಟುಗಳನ್ನು ಕೊಂಡವರೂ ನಮ್ಮಂಥವರೇ. ಆದುದರಿಂದ ಇಲ್ಲದ ಪತ್ರವನ್ನು ಇದೆ ಎನ್ನಬಾರದು, ನೋಟೀಸು ಬಂದಿದ್ದರೆ ಮುಚ್ಚಿಡಬಾರದು. ಇವನ್ನು ಹೇಳದೆ ಒಂದು ರೂಪಾಯಿ ಮುಂಗಡವನ್ನೂ ಮುಟ್ಟಬಾರದು. ಹೇಳಿದರೆ ಬೆಲೆ ಇಳಿಯಬಹುದು, ಗಿರಾಕಿ ಹೋಗಲೂಬಹುದು. ನಷ್ಟ ನಮಗೆ ದೊಡ್ಡದೇ. ಆದರೆ ನಾವು ಮೋಸಹೋದೆವೆಂದು ಅದೇ ಮೋಸವನ್ನು ಇನ್ನೊಬ್ಬರ ತಲೆಗೆ ಕಟ್ಟುವ ಹಕ್ಕು ನಮಗಿಲ್ಲ.

ಬರುವ ದಿನ ಕಿಟಕಿಗಳನ್ನು ತೆರೆದಿಡಿ, ಟೀವಿ ಆರಿಸಿರಿ, ಬಂದವರಿಗೆ ನೀರು ಕೊಡಿ, ಕಪಾಟು ತೆರೆದು ನೋಡಿದರೆ ಬೇಸರಪಡಬೇಡಿ. ಗಂಡ ಹೆಂಡತಿ ತಮ್ಮೊಳಗೆ ಮಾತಾಡಿಕೊಳ್ಳಲು ಐದು ನಿಮಿಷ ಬಿಟ್ಟುಕೊಡಿ. ದುರಸ್ತಿ ಮಾಡಿಸಿದ ಗೋಡೆಯನ್ನು ನೀವಾಗಿಯೇ ತೋರಿಸಿ, ದುರಸ್ತಿಯ ಬಿಲ್ಲನ್ನೂ ತೋರಿಸಿ. ದೋಷವನ್ನು ತಾನೇ ಹೇಳಿದವನ ಉಳಿದ ಮಾತನ್ನು ಜನ ನಂಬುತ್ತಾರೆ. ನಮ್ಮ ಅನುಭವದಲ್ಲಿ ಮನೆಯ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇಂಡೆಕ್ಸ್ ಟೂ, ಸಾತ್-ಬಾರಾ ಮುಂತಾದ ದಾಖಲೆಗಳು ಮರಾಠಿಯಲ್ಲಿರುವುದರಿಂದ ನಮ್ಮ ಕೆಲವು ಬಂಧುಗಳಿಗೆ ಓದಲು ತೊಡಕಾಗುತ್ತದೆ. ಅಂಥವರು ಸಂಜೆಯ ವೇಳೆ ವಾಚನಾಲಯಕ್ಕೆ ಪ್ರತಿಗಳನ್ನು ತಂದರೆ ಓದಿ ಹೇಳುವವರು ಇಲ್ಲಿ ಇರುತ್ತಾರೆ. ಮಾರುವವರಂತೆ ಕೊಳ್ಳುವವರೂ ಬರಬಹುದು.