ಅಂಗಿಯ ಮೇಲೊಂದು ಕನ್ನಡ ಅಕ್ಷರ: ರಾಜ್ಯೋತ್ಸವಕ್ಕೆ ಮನೆಯಲ್ಲೇ ಮಕ್ಕಳ ಟೀ-ಶರ್ಟ್

ನವೆಂಬರ್ 1 ಸಮೀಪಿಸುತ್ತಿದ್ದಂತೆ ಮಕ್ಕಳಿಗೆ ಹಳದಿ-ಕೆಂಪು ಬಣ್ಣದ ಟೀ-ಶರ್ಟ್ ಒದಗಿಸುವುದು ರಾಜಧಾನಿ ವಲಯದ ಕನ್ನಡ ಕುಟುಂಬಗಳಿಗೆ ಒಂದು ಸಣ್ಣ ಚಿಂತೆಯೇ ಸರಿ. ಬೆಂಗಳೂರಿನಲ್ಲಾದರೆ ಅಂಥವು ಅಂಗಡಿಗಳಲ್ಲೇ ದೊರೆಯುತ್ತವೆ. ಫರೀದಾಬಾದಿನ ಮಾರುಕಟ್ಟೆಯಲ್ಲಿ ಕನ್ನಡ ಅಕ್ಷರವಿರುವ ಬಟ್ಟೆಯನ್ನು ಹುಡುಕಿ ಫಲವಿಲ್ಲ. ಊರಿನಿಂದ ಬರುವವರ ಕೈಯಲ್ಲಿ ತರಿಸಬೇಕು, ಇಲ್ಲವೆ ಅಂತರ್ಜಾಲದ ಮೂಲಕ ಕೊಳ್ಳಬೇಕು. ಹಾಗೆ ತರಿಸಿದ್ದೂ ಮರುವರ್ಷ ಬೆಳೆದ ಮಗುವಿಗೆ ಬಿಗಿಯಾಗುತ್ತದೆ. ಆದ್ದರಿಂದ ಮನೆಯಲ್ಲೇ ಇಂಥ ಅಂಗಿಯನ್ನು ಸಿದ್ಧಪಡಿಸುವ ಬಗೆಯನ್ನು ನಾವು ಇಲ್ಲಿ ವಿವರಿಸಬಯಸುತ್ತೇವೆ.

ಹಣದ ಉಳಿತಾಯ ಇದರ ಮುಖ್ಯ ಪ್ರಯೋಜನವಲ್ಲ. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಓದುತ್ತಾರೆ. ಅಜ್ಜಿಯೊಡನೆ ದೂರವಾಣಿಯಲ್ಲಿ ಅರ್ಧ ಗಂಟೆ ಹರಟುವ ಮಗುವಿಗೆ ಅಜ್ಜಿ ಕೈಯಾರೆ ಬರೆದ ಎರಡು ಸಾಲು ಓದಲು ಬಾರದು. ಕೊಂಡು ತಂದ ಅಂಗಿಯ ಮೇಲಿನ ಕನ್ನಡ ಅಂಥ ಮಗುವಿಗೆ ಹೂವಿನ ಚಿತ್ರಕ್ಕಿಂತ ಬೇರೆಯಲ್ಲ. ಅದೇ ಅಕ್ಷರವನ್ನು ತಾನೇ ಬರೆದು, ಅದರ ಕಿಂಡಿಯಲ್ಲಿ ಬಣ್ಣ ತುಂಬಿದ ಮಗುವಿಗೆ ಅದರ ತಲೆಕಟ್ಟು, ಸುತ್ತು, ತಿರುವುಗಳು ಕೈಯ ಮೂಲಕ ಪರಿಚಯವಾಗುತ್ತವೆ.

ಕೊರೆಯಚ್ಚು ಎಂದರೇನು?

ಹಾಳೆಯೊಂದರಲ್ಲಿ ಬೇಕಾದ ಆಕೃತಿಯನ್ನು ಕತ್ತರಿಸಿ ತೆಗೆದು, ಆ ಕಿಂಡಿಯ ಮೂಲಕ ಕೆಳಗಿನ ವಸ್ತುವಿಗೆ ಬಣ್ಣ ಹಚ್ಚುವುದೇ ಕೊರೆಯಚ್ಚು, ಅರ್ಥಾತ್ ಸ್ಟೆನ್ಸಿಲ್. ಕಬ್ಬಿಣದ ಟ್ರಂಕಿನ ಮೇಲೆ ಬರೆಸುತ್ತಿದ್ದ ಹೆಸರು, ರೈಲಿನ ಗೂಡ್ಸ್ ಡಬ್ಬಿಗಳ ಅಂಕಿಗಳು, ನಮ್ಮ ಮನೆಗಳಲ್ಲಿ ರಂಗೋಲಿ ಪುಡಿ ಉದುರಿಸುವ ತೂತಿನ ತಗಡು, ಎಲ್ಲದರ ತತ್ತ್ವ ಒಂದೇ. ಬಟ್ಟೆ ಮುದ್ರಿಸುವ ಕಾರ್ಖಾನೆಗಳ ಸ್ಕ್ರೀನ್ ಪ್ರಿಂಟಿಂಗ್ ಕೂಡ ಇದರ ಮುಂದುವರಿದ ರೂಪ.

ಬ್ಯಾಂಕಿನಲ್ಲಿ ನಾವು ದಿನವೂ ಒತ್ತುವ ರಬ್ಬರ್ ಮೊಹರನ್ನು ತಿರುಗಿಸಿ ನೋಡಿದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿರುತ್ತವೆ. ಮರದ ಅಚ್ಚಿನದೂ ಅದೇ ಕಥೆ. ಕೊರೆಯಚ್ಚಿನಲ್ಲಿ ಈ ತೊಡಕಿಲ್ಲ. ಅಕ್ಷರ ಹಾಳೆಯ ಮೇಲೆ ಹೇಗಿದೆಯೋ ಬಟ್ಟೆಯ ಮೇಲೂ ಹಾಗೆಯೇ ಬೀಳುತ್ತದೆ. ಲಿಪಿ ಕಲಿಯುವ ಮಕ್ಕಳಿಗೆ ಇದು ತಕ್ಕ ವಿಧಾನ.

ನಾವಿರುವ ಈ ಪ್ರದೇಶಕ್ಕೂ ಈ ಕಲೆ ಹೊಸದಲ್ಲ. ಫರೀದಾಬಾದಿನ ನಡುವೆ ಹಾದುಹೋಗುವ ಮಥುರಾ ರಸ್ತೆಯಲ್ಲೇ ದಕ್ಷಿಣಕ್ಕೆ ಸಾಗಿದರೆ ವ್ರಜಭೂಮಿ. ಅಲ್ಲಿನ 'ಸಾಂಝಿ' ಕಲೆಯಲ್ಲಿ ಕೃಷ್ಣಲೀಲೆಯ ಪ್ರಸಂಗಗಳನ್ನು ಸಣ್ಣ ಕತ್ತರಿಯಿಂದ ಕಾಗದದಲ್ಲಿ ಕೊರೆದು, ಅದರ ಮೇಲೆ ಬಣ್ಣದ ಪುಡಿ ಉದುರಿಸಿ ನೆಲದ ಮೇಲೆ ಚಿತ್ರ ಮೂಡಿಸುತ್ತಾರೆ. ಇನ್ನು ಫರೀದಾಬಾದ್ ನಗರವಂತೂ ಕೈಯ ದುಡಿಮೆಯಿಂದಲೇ ಎದ್ದದ್ದು. ದೇಶ ವಿಭಜನೆಯ ನಂತರ ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರು ಇಲ್ಲಿನ ಹೊಸ ಪಟ್ಟಣವನ್ನು ತಾವೇ ದುಡಿದು ಕಟ್ಟಿದರು. ಆ ಕಾರ್ಯದಲ್ಲಿ ಕೈಜೋಡಿಸಿದ ಇಂಡಿಯನ್ ಕೋ-ಆಪರೇಟಿವ್ ಯೂನಿಯನ್ನಿನ ಮುಂದಾಳು ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ನಮ್ಮ ಮಂಗಳೂರಿನಲ್ಲಿ ಜನಿಸಿದವರು. ಮುಂದೆ ದೇಶದ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಬದುಕನ್ನು ಮುಡಿಪಿಟ್ಟವರೂ ಅವರೇ. 1987ರಲ್ಲಿ ಆರಂಭವಾದ ಸೂರಜ್‌ಕುಂಡ ಕರಕುಶಲ ಮೇಳ ಇದೇ ಫರೀದಾಬಾದಿನ ಅಂಚಿನಲ್ಲಿ ನಡೆಯುವುದನ್ನು ವಾಚಕರು ಬಲ್ಲರು.

ಬೇಕಾಗುವ ಸಾಮಗ್ರಿ

ಅಂಗಿ ಅಪ್ಪಟ ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಬಟ್ಟೆ ಬಣ್ಣವನ್ನು ಚೆನ್ನಾಗಿ ಹೀರದು. ಹೊಸ ಅಂಗಿಯನ್ನು ಒಮ್ಮೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಬೇಕು. ಇದರಿಂದ ಹೊಸ ಬಟ್ಟೆಯ ಗಂಜಿ ಹೋಗುತ್ತದೆ, ಬಟ್ಟೆ ಕುಗ್ಗುವುದಿದ್ದರೆ ಮೊದಲೇ ಕುಗ್ಗುತ್ತದೆ. ಒಗೆಯುವಾಗ ಬಟ್ಟೆ ಮೃದುಗೊಳಿಸುವ ದ್ರಾವಣಗಳನ್ನು ಬಳಸಬಾರದು.

ಕೊರೆಯಲು ಲೇಖನ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುವ ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಉತ್ತಮ. ಹಳೆಯ ಫೈಲಿನ ಪ್ಲಾಸ್ಟಿಕ್ ಹೊದಿಕೆಯೂ ಆದೀತು. ಇದಲ್ಲದೆ ಬಟ್ಟೆಗೆಂದೇ ಇರುವ ಬಣ್ಣದ ಒಂದು ಸಣ್ಣ ಬಾಟಲಿ, ಪಾತ್ರೆ ಉಜ್ಜುವ ಹೊಸ ಸ್ಪಂಜಿನ ತುಂಡುಗಳು, ಕಾಗದ ಕತ್ತರಿಸುವ ಕಟರ್, ಟೇಪು, ಎರಡು ದಪ್ಪ ರಟ್ಟುಗಳು ಬೇಕು. ಚಿತ್ರಕಲೆಯ ಜಲವರ್ಣವನ್ನು ಬಳಸಿದರೆ ಮೊದಲ ಒಗೆತಕ್ಕೇ ಹರಿದುಹೋಗುತ್ತದೆ.

ಹಳದಿ ಅಂಗಿಯ ಮೇಲೆ ಕೆಂಪು ಅಕ್ಷರ ಬರೆಯುವುದೇ ಸುಲಭ. ಹಳದಿ ತೆಳುವಾದ ಬಣ್ಣ. ಕೆಂಪು ಬಟ್ಟೆಯ ಮೇಲೆ ಹಚ್ಚಿದರೆ ಕೆಳಗಿನ ಕೆಂಪು ಇಣುಕಿ ಮಂಕಾದ ಕಿತ್ತಳೆಯಂತೆ ಕಾಣುತ್ತದೆ. ಕೆಂಪು ಅಂಗಿಯೇ ಬೇಕೆಂದು ಮಗು ಹಟ ಹಿಡಿದರೆ ಮೊದಲು ಬಿಳಿಯ ಲೇಪ ಕೊಟ್ಟು, ಅದು ಒಣಗಿದ ಮೇಲೆ ಹಳದಿ ಹಚ್ಚಬೇಕು.

ಅಕ್ಷರದ ಆಯ್ಕೆ ಮತ್ತು ಕೊಂಡಿ

ಮೊದಲ ಪ್ರಯತ್ನಕ್ಕೆ ಘೋಷಣೆಗಳು ಬೇಡ. ಮಗುವಿನ ಹೆಸರಿನ ಮೊದಲ ಅಕ್ಷರವೊಂದೇ ಸಾಕು. ಅದು ಸುಮಾರು 10 ಸೆಂಟಿಮೀಟರ್ ಎತ್ತರವಿರಲಿ, ಗೆರೆಯ ದಪ್ಪ ಒಂದು ಸೆಂಟಿಮೀಟರಿಗೆ ಕಡಿಮೆಯಾಗದಿರಲಿ. ಮಗುವೇ ಕಾಗದದ ಮೇಲೆ ದಪ್ಪನಾಗಿ ಬರೆಯಲಿ. ತಿದ್ದುವುದಕ್ಕೆ ಅಜ್ಜನೋ ಅಜ್ಜಿಯೋ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಗಣಕಯಂತ್ರದಿಂದ ಅಚ್ಚು ತೆಗೆಯುವವರು ಒಂದು ಎಚ್ಚರಿಕೆ ವಹಿಸಬೇಕು. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಮೂಡುತ್ತವೆ. ಕೊರೆಯುವ ಮೊದಲು ಕನ್ನಡ ಬಲ್ಲವರೊಬ್ಬರು ಓದಿ ನೋಡಬೇಕು.

ಕೊರೆಯಚ್ಚಿನ ಗುಟ್ಟೆಲ್ಲ ಇರುವುದು ಸುತ್ತುಗಳಲ್ಲಿ. ಅನುಸ್ವಾರದ ಸೊನ್ನೆಯನ್ನು ಕೊರೆದರೆ ನಡುವಿನ ಬಿಲ್ಲೆಯೂ ಕಳಚಿ ಬಿದ್ದು, ಉಂಗುರದ ಬದಲು ತುಂಬಿದ ಚುಕ್ಕೆ ಉಳಿಯುತ್ತದೆ. 'ರ' ಅಕ್ಷರದ ಹೊಟ್ಟೆ, 'ಕ' ಅಕ್ಷರದ ಅಡ್ಡಗೆರೆಯ ಕೆಳಗಿನ ಸುತ್ತು, 'ಠ' ಅಕ್ಷರದ ವೃತ್ತ, ಎಲ್ಲಕ್ಕೂ ಇದೇ ಗತಿ. ಒಳಗಿನ ಬಿಲ್ಲೆಯನ್ನು ಹೊರಗಿನ ಹಾಳೆಗೆ ಹಿಡಿದಿಡಲು ಗೆರೆಗೆ ಅಡ್ಡವಾಗಿ 3-4 ಮಿಲಿಮೀಟರ್ ಅಗಲದ ಪಟ್ಟಿಯನ್ನು ಕೊರೆಯದೆ ಬಿಡಬೇಕು. ಇದನ್ನು ಕೊಂಡಿ ಎನ್ನೋಣ. ಒಂದು ಸುತ್ತಿಗೆ ಎದುರುಬದುರಾಗಿ ಎರಡು ಕೊಂಡಿಗಳಿದ್ದರೆ ಬಿಲ್ಲೆ ಅಲುಗಾಡದು.

ಯಾವ ಅಕ್ಷರಕ್ಕೆ ಕೊಂಡಿ ಬೇಕೆಂಬುದನ್ನು ಮಕ್ಕಳೇ ಕಂಡುಹಿಡಿಯಲಿ. ಅಕ್ಷರದ ಒಳಗಿನ ಖಾಲಿ ಜಾಗದಲ್ಲಿ ಒಂದು ಇರುವೆ ಇದೆಯೆಂದು ಭಾವಿಸಿ, ಗೆರೆ ದಾಟದೆ ಅದು ಹೊರಗೆ ಬರಬಲ್ಲದೇ ಎಂದು ಕೇಳಿ. ಬರಬಲ್ಲುದಾದರೆ ಕೊಂಡಿ ಬೇಡ, ಬರಲಾರದಿದ್ದರೆ ಬೇಕು. ಈ ಆಟ ಆಡಿದ ಮಗು ಪ್ರತಿಯೊಂದು ಅಕ್ಷರವನ್ನೂ ದಿಟ್ಟಿಸಿ ನೋಡುತ್ತದೆ; ಎಲ್ಲಿ ಮುಚ್ಚಿದೆ, ಎಲ್ಲಿ ತೆರೆದಿದೆ ಎಂಬುದನ್ನು ಮರೆಯದು.

ಇಡೀ ಪದ ಬರೆಯುವವರಿಗೂ ಕನ್ನಡ ಲಿಪಿ ಅನುಕೂಲವೇ. ಹಿಂದಿಯಲ್ಲಿ ಪದದ ಅಕ್ಷರಗಳೆಲ್ಲ ಒಂದೇ ಶಿರೋರೇಖೆಗೆ ತೂಗಿಕೊಂಡಿರುವುದರಿಂದ ಪದವೇ ಒಂದು ದೊಡ್ಡ ಕಿಂಡಿಯಾಗಿ ಹಾಳೆ ಜೋತುಬೀಳುತ್ತದೆ. ಕನ್ನಡದಲ್ಲಿ ಅಕ್ಷರಗಳು ಬಿಡಿಯಾಗಿ ನಿಲ್ಲುತ್ತವೆ. ಅವುಗಳ ನಡುವಿನ ಜಾಗವೇ ಹಾಳೆಗೆ ಆಧಾರ. ಆದರೆ ಒತ್ತಕ್ಷರಕ್ಕೂ ಅದರ ಮೇಲಿನ ಅಕ್ಷರಕ್ಕೂ ನಡುವೆ 3 ಮಿಲಿಮೀಟರಾದರೂ ಜಾಗ ಬಿಡಬೇಕು, ಇಲ್ಲವಾದರೆ ಹಾಳೆ ಹರಿಯುತ್ತದೆ. ಕಷ್ಟವೆಂದು ಒತ್ತನ್ನೇ ಬಿಟ್ಟರೆ 'ಕನ್ನಡ' ಹೋಗಿ 'ಕನಡ' ಆದೀತು!

ಕೊರೆಯುವುದು, ಬಣ್ಣ ಹಚ್ಚುವುದು

ಬರೆದ ಕಾಗದದ ಮೇಲೆ ಪಾರದರ್ಶಕ ಹಾಳೆಯಿಟ್ಟು ಟೇಪಿನಿಂದ ಬಿಗಿದು, ಕೆಳಗೆ ರಟ್ಟು ಹಾಸಿ ಕೊರೆಯಬೇಕು. ಕಟರ್ ಹಿಡಿಯುವುದು ಹಿರಿಯರ ಕೆಲಸ. ಸುತ್ತುಗಳಲ್ಲಿ ಕೈಯನ್ನು ತಿರುಗಿಸುವ ಬದಲು ಹಾಳೆಯನ್ನೇ ಮೆಲ್ಲನೆ ತಿರುಗಿಸಿದರೆ ಅಂಚು ನುಣುಪಾಗಿ ಬರುತ್ತದೆ. ಮೊದಲು ಒಳಗಿನ ಸಣ್ಣ ಭಾಗಗಳನ್ನು, ಕೊನೆಗೆ ಹೊರಗಿನ ದೊಡ್ಡ ಗೆರೆಗಳನ್ನು ಕೊರೆಯುವುದು ಕ್ರಮ.

ಬಳಿಕ ಅಂಗಿಯ ಒಳಗೆ ಇನ್ನೊಂದು ರಟ್ಟನ್ನಿಡಬೇಕು. ಇಲ್ಲದಿದ್ದರೆ ಬಣ್ಣ ಬೆನ್ನಿನ ಭಾಗಕ್ಕೂ ಇಳಿಯುತ್ತದೆ. ಅಚ್ಚನ್ನು ಎದೆಯ ಭಾಗದಲ್ಲಿಟ್ಟು ನಾಲ್ಕೂ ಕಡೆ ಟೇಪು ಅಂಟಿಸಬೇಕು. ಮುಂದಿನದು ಮಕ್ಕಳ ಪಾಲು. ಸ್ಪಂಜನ್ನು ಬಣ್ಣದಲ್ಲಿ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಬಹುಮಟ್ಟಿಗೆ ಒಣಗಿದಂತಿರುವ ಸ್ಪಂಜನ್ನು ಮೇಲಿಂದ ನೇರವಾಗಿ ತಟ್ಟಬೇಕು. ಬಣ್ಣಕ್ಕೆ ನೀರು ಬೆರೆಸಕೂಡದು, ಸ್ಪಂಜನ್ನು ಉಜ್ಜಲೂಕೂಡದು. ನೀರಾದ ಬಣ್ಣ ಹತ್ತಿಯ ಎಳೆಗಳಲ್ಲಿ ಹರಿದು ಹಾಳೆಯ ಅಡಿಗೆ ನುಸುಳುತ್ತದೆ. ಉಜ್ಜಿದರೆ ಅಂಚು ಮೇಲೆದ್ದು ಅಕ್ಷರ ಕದಡುತ್ತದೆ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪಗಳು ಲೇಸು. ಎರಡನೆಯ ಲೇಪದ ನಂತರ ಕೆಲವು ನಿಮಿಷ ಬಿಟ್ಟು, ಅಚ್ಚನ್ನು ನೇರವಾಗಿ ಮೇಲಕ್ಕೆತ್ತಬೇಕು.

ಕೊಂಡಿಗಳಿದ್ದ ಕಡೆ ಸಣ್ಣ ಬಿರುಕುಗಳು ಕಾಣುತ್ತವೆ. ಅವನ್ನು ಸಣ್ಣ ಕುಂಚದಿಂದ ಮುಚ್ಚಬಹುದು. ಹಾಗೆಯೇ ಬಿಟ್ಟರೂ ಶೋಭೆಗೆ ಕುಂದಿಲ್ಲ. ಕೈಯಿಂದ ಮಾಡಿದ್ದೆಂಬುದಕ್ಕೆ ಅದೇ ಸಾಕ್ಷಿ.

ಬಣ್ಣ ನಿಲ್ಲಬೇಕಾದರೆ

ಅಂಗಿಯನ್ನು ಮಡಿಸದೆ ಒಂದು ಪೂರ್ಣ ದಿನ ನೆರಳಿನಲ್ಲಿ ಒಣಗಿಸಬೇಕು. ನವೆಂಬರ್ ಹೊತ್ತಿಗೆ ಇಲ್ಲಿನ ಗಾಳಿಯಲ್ಲಿ ಹೊಗೆ-ಧೂಳು ತುಂಬಿರುವುದರಿಂದ ಬಾಲ್ಕನಿಗಿಂತ ಕೋಣೆಯ ಒಳಗೇ ಒಣಗಿಸುವುದು ಮೇಲು. ಆಮೇಲೆ ಅಂಗಿಯನ್ನು ಒಳಹೊರಗು ಮಾಡಿ, ನೀರಿನ ಹಬೆಯಿಲ್ಲದೆ, ಹತ್ತಿಬಟ್ಟೆಗೆ ತಕ್ಕ ಬಿಸಿಯಲ್ಲಿ ಬಣ್ಣದ ಹಿಂಬದಿಗೆ ಮೂರರಿಂದ ಐದು ನಿಮಿಷ ಇಸ್ತ್ರಿಯಾಡಿಸಬೇಕು. ಬಣ್ಣದಲ್ಲಿರುವ ಅಂಟು ಈ ಶಾಖಕ್ಕೆ ಎಳೆಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಾಟಲಿಯ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸುವುದು ಕ್ಷೇಮ. ಮೊದಲ ಮೂರು ದಿನ ಒಗೆಯಬಾರದು. ನಂತರವೂ ಒಳಹೊರಗು ಮಾಡಿ, ತಣ್ಣೀರಿನಲ್ಲಿ, ಕೈಯಿಂದಲೇ ಒಗೆಯಬೇಕು. ಹೀಗಾಗಿ ರಾಜ್ಯೋತ್ಸವಕ್ಕೆ ಒಂದು ವಾರ ಮುಂಚಿನ ಭಾನುವಾರವೇ ಕೆಲಸಕ್ಕೆ ಕೂರುವುದು ಒಳಿತು.

ಹತ್ತು ಮನೆಗಳು ಸೇರಿದರೆ

ಅಚ್ಚಿನ ಹಾಳೆಯನ್ನು ಬಣ್ಣ ಒಣಗುವ ಮೊದಲೇ ತೊಳೆದಿಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಸೆಕ್ಟರುಗಳ ಹತ್ತು ಕನ್ನಡ ಮನೆಗಳು ತಲಾ ಐದು ಅಕ್ಷರಗಳನ್ನು ಕೊರೆದರೆ ವರ್ಣಮಾಲೆಯ 49 ಅಕ್ಷರಗಳೂ ಸಿದ್ಧವಾಗುತ್ತವೆ. ಅವನ್ನು ಒಂದು ಫೈಲಿನಲ್ಲಿಟ್ಟು ಮನೆಯಿಂದ ಮನೆಗೆ ಕೊಡುತ್ತಾ ಬರಬಹುದು. ಸಮಾರಂಭದ ದಿನ ಒಂದೊಂದು ಅಕ್ಷರ ಧರಿಸಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪದ ಕಟ್ಟಲು ಹೇಳಿ: ಕಮಲ, ನಗರ, ಸರಳ, ಅರಸ. ಯಾರು ಯಾರ ಪಕ್ಕದಲ್ಲಿ ನಿಲ್ಲಬೇಕೆಂದು ಹುಡುಕಲು ಮಕ್ಕಳು ಪರಸ್ಪರರ ಅಂಗಿಯನ್ನು ಓದಲೇಬೇಕಾಗುತ್ತದೆ.