ತೋಟದ ಮನೆಯ ನಾಯಿ, ಬೆಕ್ಕು: ಅಪಾಯ ನಮ್ಮ ಶೆಡ್‌ನಲ್ಲೇ ಇದೆ

ತೋಟದ ಮನೆಯಲ್ಲಿ ನಾಯಿ ಕಾವಲಿಗೆ, ಬೆಕ್ಕು ಇಲಿಗೆ. ಎರಡೂ ಕೂಲಿ ಕೇಳದೆ ದುಡಿಯುತ್ತವೆ. ಆದರೆ ಅವುಗಳ ಜೀವಕ್ಕೆ ಕುತ್ತು ತರುವ ಎಷ್ಟೋ ವಸ್ತುಗಳು ಇರೋದು ನಮ್ಮ ಶೆಡ್‌ನಲ್ಲೇ. ಈ ವಾರ ಒಂದು ಸುತ್ತು ಹಾಕಿ, ಇವಿಷ್ಟನ್ನು ನೋಡಿಕೊಳ್ಳಿ.

ಹರಳು ಹಿಂಡಿ
"ನಂದು ಸಾವಯವ ತೋಟ, ವಿಷ ಎಲ್ಲಿಂದ ಬರಬೇಕು?" ಅನ್ನೋರು ಮೊದಲು ಹರಳು ಹಿಂಡಿ ಚೀಲ ನೋಡಿ. ಹರಳು ಬೀಜದ ರೈಸಿನ್ ಎಂಬ ವಿಷ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಸರಿಯಾಗಿ ಬಿಸಿ ಮಾಡದ ಹಿಂಡಿ ತಿಂದ ನಾಯಿಗೆ ವಾಂತಿ, ರಕ್ತಭೇದಿ ಶುರುವಾಗಿ ಜೀವವೇ ಹೋಗಬಹುದು. ಮೂಳೆ ಪುಡಿ ಜೊತೆ ಬೆರೆಸಿದರಂತೂ ವಾಸನೆಗೆ ನಾಯಿ ಬಂದು ಬುಡ ಕೆದಕುತ್ತದೆ. ಚೀಲವನ್ನು ಮುಚ್ಚಳದ ಡ್ರಮ್‌ನಲ್ಲಿಡಿ. ಅಂಗಳದ ಗಿಡಗಳಿಗೆ ಬೇವಿನ ಹಿಂಡಿ ಸಾಕು.

ಇಲಿ ಪಾಷಾಣ
ಜಿಂಕ್ ಫಾಸ್ಫೈಡ್ ಹೊಟ್ಟೆ ಸೇರಿದರೆ ಫಾಸ್ಫೀನ್ ಅನಿಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣಿ ಸಾಯಬಹುದು. ಬ್ರೋಮಾಡಿಯೋಲೋನ್ ಬಿಲ್ಲೆ ಬೇರೆ ಥರ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಲಕ್ಷಣ ಕಾಣಲು ಮೂರ್ನಾಲ್ಕು ದಿನ ಬೇಕು. "ಚೆನ್ನಾಗೇ ಓಡಾಡ್ತಿದೆ ಬಿಡು" ಅಂತ ಸುಮ್ಮನಿರಬೇಡಿ. ವಿಟಮಿನ್ ಕೆ1 ಚಿಕಿತ್ಸೆ ಬೇಗ ಶುರುವಾದರೆ ಉಳಿಸಿಕೊಳ್ಳಬಹುದು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಅಪಾಯವಿದೆ. ಸತ್ತ ಇಲಿಗಳನ್ನು ಆಳವಾಗಿ ಹೂಳಿ. ಬೆಕ್ಕಿರುವ ಮನೆಗೆ ಇಲಿ ಬೋನೇ ಸರಿ.

ಬಸವನಹುಳುವಿನ ಗುಳಿಗೆ
ಮಳೆಗಾಲದಲ್ಲಿ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ತಿಂಡಿಯಂತೆ ತಿನ್ನುತ್ತದೆ. ನಡುಕ, ಮೈ ಬಿಸಿ, ಫಿಟ್ಸ್ ಬರುತ್ತದೆ. ಸಂಜೆ ಕೈಯಿಂದ ಆರಿಸಿ, ಉಪ್ಪು ನೀರಿಗೆ ಹಾಕೋದು ಸುರಕ್ಷಿತ.

ಮನೆಯ ಔಷಧಿ
ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ದನದ ಉಣ್ಣೆಗೆ ಬಳಸುವ ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಬೆಕ್ಕಿನ ಮೈಗೆ ಬೇಡ. ಅವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ದೇಹಕ್ಕೆ ಕಡಿಮೆ.

ವಿಷ ತಿಂದಿದ್ದರೆ
* ಪ್ಯಾಕೆಟ್‌ನ ಫೋಟೋ ತೆಗೆದು ಪಶುವೈದ್ಯರಿಗೆ ಕಳಿಸಿ. ವಿಷದ ಹೆಸರು ಗೊತ್ತಾದರೆ ಚಿಕಿತ್ಸೆ ಬೇಗ.
* ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಿ.
* ಉಪ್ಪು ನೀರು, ಹಾಲು, ಎಣ್ಣೆ ಕುಡಿಸಬೇಡಿ. ನೀವಾಗಿ ವಾಂತಿ ಮಾಡಿಸಬೇಡಿ.
* ಜಿಂಕ್ ಫಾಸ್ಫೈಡ್ ತಿಂದ ನಾಯಿಯ ವಾಂತಿಯಿಂದ ಬರುವ ಅನಿಲ ನಮಗೂ ವಿಷ. ಗಾಡಿಯ ಕಿಟಕಿ ತೆರೆದೇ ಕರೆದುಕೊಂಡು ಹೋಗಿ.

ಹತ್ತಿರದ ಪಶು ಆಸ್ಪತ್ರೆಯ ನಂಬರನ್ನು ಇವತ್ತೇ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹುಡುಕೋಕೆ ಪುರುಸೊತ್ತು ಇರಲ್ಲ.