ಹದಿನೈದು ಗಂಟೆ ಯಾರ ಪಾಲಿಗೆ?

ಇಂಗ್ಲೆಂಡಿನಲ್ಲಿ ಮೂರು ಮತ್ತು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಸರ್ಕಾರದ ಖರ್ಚಿನಲ್ಲಿ ನರ್ಸರಿ ಶಿಕ್ಷಣವಿದೆ. ವಾರಕ್ಕೆ 15 ಗಂಟೆ, ವರ್ಷಕ್ಕೆ 38 ವಾರ, ಒಟ್ಟು 570 ಗಂಟೆ. ಈ ಲೆಕ್ಕ 2010ರಿಂದ ನಡೆದುಬಂದಿದೆ. ಅಪ್ಪ ಅಮ್ಮನ ಸಂಬಳವನ್ನು ಯಾರೂ ಕೇಳುವುದಿಲ್ಲ. ಆದರೂ ಇದನ್ನು ಪೂರ್ತಿ ಬಳಸಿಕೊಳ್ಳದವರಲ್ಲಿ ಬಡ ಕುಟುಂಬಗಳು ಮತ್ತು ಮನೆಯಲ್ಲಿ ಇಂಗ್ಲಿಷಲ್ಲದೆ ಬೇರೆ ಭಾಷೆ ಆಡುವ ಕುಟುಂಬಗಳೇ ಹೆಚ್ಚು ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಎರಡನೆಯ ಗುಂಪಿನಲ್ಲಿ ನಾವೂ ಇದ್ದೇವೆ.

ನಮ್ಮವರ ಹಿಂಜರಿಕೆಗೆ ದೊಡ್ಡ ಕಾರಣ ವೀಸಾ. ಕೆಲಸದ ವೀಸಾದಲ್ಲಿ ಸಾಮಾನ್ಯವಾಗಿ 'ಪಬ್ಲಿಕ್ ಫಂಡ್ಸ್' ಪಡೆಯುವಂತಿಲ್ಲ ಎಂಬ ಷರತ್ತಿರುತ್ತದೆ. ಅದನ್ನು ಓದಿದ ಮೇಲೆ ಸರ್ಕಾರದ ಯಾವ ಸವಲತ್ತನ್ನೂ ಮುಟ್ಟಲು ಭಯ. ನಾಳೆ ಐಎಲ್‌ಆರ್ ಅರ್ಜಿಗೆ ತೊಡಕಾದರೆ? ಆದರೆ ಆ ಪಟ್ಟಿಯಲ್ಲಿರುವುದು ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಮನೆ ಮುಂತಾದವು. ಸರ್ಕಾರಿ ಶಾಲೆ ಹೇಗೆ ಅದರಲ್ಲಿಲ್ಲವೋ ಹಾಗೆಯೇ ಈ 15 ಗಂಟೆಯೂ ಇಲ್ಲ. ಧೈರ್ಯವಾಗಿ ಕಳಿಸಬಹುದು.

ಇನ್ನೊಂದು ಯೋಜನೆಯೂ ಗೊಂದಲ ಹೆಚ್ಚಿಸಿದೆ. ದುಡಿಯುವ ತಂದೆತಾಯಿಯರಿಗೆ 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಮಗುವಿಗೂ 30 ಗಂಟೆ ಸಿಗುತ್ತಿದೆ. ಅದಕ್ಕೆ ಆದಾಯದ ಮಿತಿಗಳಿವೆ, ಆನ್‌ಲೈನ್ ಕೋಡ್ ಬೇಕು, ಮೂರು ತಿಂಗಳಿಗೊಮ್ಮೆ ಖಚಿತಪಡಿಸಬೇಕು, ವೀಸಾ ಷರತ್ತೂ ಅಡ್ಡ ಬರಬಹುದು. (ಸಾಫ್ಟ್‌ವೇರ್ ಬರೆಯುವ ನಮಗೇ ಆ ಪುಟಗಳು ತಲೆನೋವು.) ಇದು ಸಿಗದು ಎಂದು ತಿಳಿದವರು ಎಲ್ಲರಿಗೂ ಇರುವ 15 ಗಂಟೆಯನ್ನೂ ಬಿಟ್ಟುಬಿಡುತ್ತಾರೆ.

ಕಡಿಮೆ ಆದಾಯದ ಮನೆಯ ಎರಡು ವರ್ಷದ ಮಕ್ಕಳಿಗೂ 15 ಗಂಟೆ ಉಂಟು. ವೀಸಾ ಷರತ್ತಿರುವ ಕುಟುಂಬಗಳೂ ಆದಾಯದ ಮಿತಿಯೊಳಗಿದ್ದರೆ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಆದರೆ ಕೌನ್ಸಿಲ್‌ಗಳು ಅರ್ಹ ಕುಟುಂಬಗಳನ್ನು ಗುರುತಿಸುವುದು ಬೆನಿಫಿಟ್ ಪಡೆಯುವವರ ಪಟ್ಟಿಯಿಂದ. ಬೆನಿಫಿಟ್ ಪಡೆಯುವಂತಿಲ್ಲದವರ ಹೆಸರು ಅಲ್ಲಿ ಬರುವುದಾದರೂ ಹೇಗೆ? 1975ರಲ್ಲಿ ಟಿ. ನರಸೀಪುರದಲ್ಲಿ ಕರ್ನಾಟಕದ ಐಸಿಡಿಎಸ್ ಯೋಜನೆ ಆರಂಭವಾದಾಗಿನಿಂದ ಊರಿನ ಅಂಗನವಾಡಿ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಮಕ್ಕಳ ಲೆಕ್ಕ ಬರೆದುಕೊಳ್ಳುತ್ತಾರೆ. ಇಲ್ಲಿ ನಾವೇ ಕೇಳಿಕೊಂಡು ಹೋಗಬೇಕು.

ಮೂರು ವರ್ಷ ತುಂಬಿದ ದಿನವೇ ಹಕ್ಕು ಆರಂಭವಾಗುವುದಿಲ್ಲ. ಅದರ ನಂತರ ಬರುವ ಜನವರಿ, ಏಪ್ರಿಲ್ ಅಥವಾ ಸೆಪ್ಟೆಂಬರ್‌ನಿಂದ. ಹಾಗಾಗಿ ಅಕ್ಟೋಬರ್‌ನಲ್ಲಿ ಹುಟ್ಟಿದ ಮಗುವಿಗೆ ರಿಸೆಪ್ಶನ್ ತರಗತಿಗೆ ಮುಂಚೆ ಐದು ಟರ್ಮ್ ಸಿಕ್ಕರೆ, ಜುಲೈ ಮಗುವಿಗೆ ಮೂರೇ. ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಯರು ಒಂದು ಟರ್ಮ್ ಬಿಟ್ಟರೂ ನಷ್ಟ ದೊಡ್ಡದು.

"ಊರಿಂದ ಅಜ್ಜಿ ಬಂದಿದ್ದಾರಲ್ಲ, ನರ್ಸರಿ ಏಕೆ?" ಎಂಬ ಮಾತೂ ಕೇಳುತ್ತೇವೆ. ಅಜ್ಜಿಯ ಕನ್ನಡ ಮಗುವಿಗೆ ಬೇಕೇ ಬೇಕು, ಅದನ್ನು ನಿಲ್ಲಿಸಬೇಡಿ. ವಾರದ 15 ಗಂಟೆ ಕಳೆದರೂ ಅಜ್ಜಿಗೆ ಬೇಕಾದಷ್ಟು ಹೊತ್ತು ಉಳಿಯುತ್ತದೆ. ಆದರೆ ಇಂಗ್ಲಿಷಿನಲ್ಲಿ "ನನಗೆ ಬಾಯಾರಿಕೆ" ಎನ್ನಲೂ ಬಾರದ ಮಗು ನಾಲ್ಕನೆಯ ವಯಸ್ಸಿನಲ್ಲಿ ಮೂವತ್ತು ಮಕ್ಕಳ ತರಗತಿಗೆ ನೇರ ಹೋಗಿ ಕೂರುವುದು ಕಷ್ಟ.

ಜಾಗ ಬೇಗ ತುಂಬುತ್ತದೆ, ಒಂದು ಟರ್ಮ್ ಮುಂಚೆಯೇ ವಿಚಾರಿಸಿ. ಊಟ, ಡಯಾಪರ್‌ಗೆಂದು ನರ್ಸರಿಯವರು ಹಣ ಕೇಳಿದರೆ, ಅದು ಕಡ್ಡಾಯವಲ್ಲ ಎಂಬುದು ನೆನಪಿರಲಿ.